ಟೊಂಕ ನೋವು ಮತ್ತು ನಮ್ಮ ಕೈಯಲ್ಲಿರೋ ಮೊಬೈಲು

ನಮ್ಮ ಕಡೆ ಟೊಂಕ ನೋವಿಲ್ಲದ ಮನೆ ಹುಡುಕೋದು ಕಷ್ಟ. ಶಹಾಬಾದ್, ಚಿತ್ತಾಪುರದ ಗಣಿಗಳಲ್ಲಿ ಪರ್ಸಿ ಕಲ್ಲು ಎತ್ತೋರು, ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳಿಗೆ ಲಾರಿ ಹೊಡಿಯೋರು, ಚಿಂಚೋಳಿ ಕಡೆ ತೊಗರಿ ಹೊಲದಾಗ ಬಗ್ಗಿ ಕಳೆ ತೆಗೆಯೋರು, ಎಲ್ಲರದೂ ಒಂದೇ ಮಾತು: "ಟೊಂಕ ಹಿಡದದ." ಹಾಸ್ಟೆಲಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ನಮ್ಮ ಕುತ್ತಿಗೆ ನೋವು ಅದರ ತಮ್ಮ.

ಮೂರು ತಿಂಗಳು ದಾಟಿದ, ಇಲ್ಲವೇ ಹೋಗಿ ಹೋಗಿ ಮತ್ತೆ ಬರುವ ನೋವಿಗೆ ವೈದ್ಯರು ದೀರ್ಘಕಾಲದ ನೋವು ಅಂತಾರೆ. ಗಾಯ ಮಾಯ್ದ ಮೇಲೂ ಕೆಲವರ ನರಮಂಡಲ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುತ್ತಲೇ ಇರುತ್ತದೆ. ಗೇನ್ ಜಾಸ್ತಿ ಇಟ್ಟ ಆಂಪ್ಲಿಫೈಯರ್ ಇದ್ದಂಗ. ನಿದ್ದೆಗೇಡು, ಚಿಂತೆ, ಹೆದರಿಕೆ ಈ ಗೇನನ್ನು ಇನ್ನಷ್ಟು ಏರಿಸ್ತವೆ. ಇಂಟರ್ನೆಟ್ಟು ಅದನ್ನು ಏರಿಸಲೂಬಹುದು, ಇಳಿಸಲೂಬಹುದು.

ಏರಿಸೋದು ಹೇಗೆ? ಅಪ್ಪನ ಎಂಆರ್‌ಐ ರಿಪೋರ್ಟಿನಲ್ಲಿ 'ಡಿಸ್ಕ್ ಬಲ್ಜ್' ಅಂತ ಇರುತ್ತದೆ. ನಾವು ಗೂಗಲ್ ಮಾಡ್ತೀವಿ, ಆಪರೇಷನ್ ವಿಡಿಯೋ ಬರ್ತವೆ, ಮನೆ ಮಂದಿಯೆಲ್ಲ ಗಾಬರಿ. ಆದರೆ ನೋವೇ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಒಂದು ವಿಮರ್ಶೆಯ ಪ್ರಕಾರ, 20ರ ವಯಸ್ಸಿನವರಲ್ಲೇ ಶೇ. 30, 80ರವರಲ್ಲಿ ಶೇ. 84 ಮಂದಿಗೆ ಬಲ್ಜ್ ಇರುತ್ತದೆ. ತಲೆಗೂದಲು ನರೆತಂತೆ ಅದೂ ಬಹಳ ಸಲ ವಯಸ್ಸಿನ ಗುರುತು. ಆ ರಿಪೋರ್ಟಿನ ಅರ್ಥ ಹೇಳಬೇಕಾದವರು ರೋಗಿಯನ್ನು ಮುಟ್ಟಿ ನೋಡಿದ ಡಾಕ್ಟರು, ಯೂಟ್ಯೂಬ್ ಅಲ್ಲ.

ಹಾಗಾದರೆ ಏನು ಹುಡುಕಬೇಕು? ವಿಶ್ವ ಆರೋಗ್ಯ ಸಂಸ್ಥೆ ಡಿಸೆಂಬರ್ 2023ರಲ್ಲಿ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ತಂದಿದೆ. ನೋವಿನ ಬಗ್ಗೆ ತಿಳಿವಳಿಕೆ, ವ್ಯಾಯಾಮ, ಮನಸ್ಸಿಗೆ ಆಪ್ತಸಲಹೆ ಇವಕ್ಕೆ ಅದರ ಬೆಂಬಲವಿದೆ. ನಮ್ಮಲ್ಲಿ ಎಲ್ಲರೂ ಕೊಳ್ಳೋ ಸೊಂಟದ ಬೆಲ್ಟು, ಟ್ರಾಕ್ಷನ್ನು ಇವನ್ನು ದಿನನಿತ್ಯದ ಚಿಕಿತ್ಸೆಯಾಗಿ ಬೇಡ ಅಂತದ. ಇದನ್ನು ಓದಿ ಮನೆಯವರಿಗೆ ಕನ್ನಡದಲ್ಲಿ ಹೇಳೋದು ಹತ್ತು ವಿಡಿಯೋ ಫಾರ್ವರ್ಡ್ ಮಾಡೋದಕ್ಕಿಂತ ಮೇಲು.

ಕಲಬುರಗಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯ್ತು. ಅದಕ್ಕೇ ಬಹಳ ಮಂದಿ ಮೆಡಿಕಲ್ ಶಾಪಿನ ಗುಳಿಗೆ ಮೇಲೆ ದಿನ ದೂಡ್ತಾರೆ. ನೋವಿನ ಗುಳಿಗೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು. ಕೇಂದ್ರ ಸರ್ಕಾರದ ಇ-ಸಂಜೀವನಿಯಲ್ಲಿ ಮೊಬೈಲ್ ನಂಬರ್, ಒಟಿಪಿ ಕೊಟ್ಟು ವಿಡಿಯೋದಲ್ಲೇ ಡಾಕ್ಟರ ಜತೆ ಮಾತಾಡಬಹುದು, ಚೀಟಿಯೂ ಅಲ್ಲೇ ಬರುತ್ತದೆ, ಫೀಸಿಲ್ಲ. ಅಪ್ಪ, ಕಾಕಾಗಳಿಗೆ ಆ್ಯಪ್ ಹಾಕಿಕೊಟ್ಟು ಮೊದಲ ಸಲ ಪಕ್ಕದಲ್ಲಿ ಕೂಡ್ರಿ.

ಮಾತಾಡೋ ಮುಂಚೆ ಎರಡು ವಾರ ಒಂದು ಶೀಟಿನಲ್ಲಿ ಬರೆದಿಡಿ: ನೋವು 0ಯಿಂದ 10ರಲ್ಲಿ ಎಷ್ಟು, ಅವತ್ತು ಏನು ಕೆಲಸ, ಎಷ್ಟು ನಿದ್ದೆ, ಯಾವ ಗುಳಿಗೆ. "ಯಾವಾಗ್ಲೂ ನೋಯ್ತದ್ರಿ" ಅನ್ನೋದಕ್ಕಿಂತ ಈ ಗ್ರಾಫು ಡಾಕ್ಟರಿಗೆ ಹೆಚ್ಚು ಹೇಳುತ್ತದೆ. ಕಲ್ಲು ಎತ್ತಿದ ಮರುದಿನವೇ ಏರುತ್ತದೋ, ನಿದ್ದೆಗೆಟ್ಟ ಮರುದಿನವೋ ಅನ್ನೋದೂ ಕಾಣುತ್ತದೆ.

ಕಾಲಲ್ಲಿ ಬಲ ಕಡಿಮೆಯಾದರೆ, ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಜ್ವರ ಬಂದರೆ, ಬಿದ್ದು ಪೆಟ್ಟಾಗಿದ್ದರೆ ಫೋನ್ ಬದಿಗಿಟ್ಟು ನೇರ ಆಸ್ಪತ್ರೆಗೆ ಕರಕೊಂಡು ಹೋಗಿ. ನೋವಿನ ಜತೆ ಮನಸ್ಸೂ ಕುಗ್ಗಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.