52 ಡಾಲರಿನ ಕಿಟಕಿ

ರಾತ್ರಿ ಒಂಬತ್ತರ ಹೊತ್ತು. ಹೋಟೆಲಿನ ಐದನೇ ಮಹಡಿಯ ಕಿಟಕಿಗೆ ಮೂಗೊತ್ತಿಕೊಂಡು ಆರು ವರ್ಷದ ಹುಡುಗಿಯೊಬ್ಬಳು ಕಾಯುತ್ತಿದ್ದಳು. ಡಿಸ್ನಿಯ ಕೋಟೆಯ ಮೇಲೆ ಹಾರಿಸುವ ಬಾಣಬಿರುಸು ಕೋಣೆಯಿಂದಲೇ ಕಾಣುತ್ತದೆ ಎಂದು ಅವಳಪ್ಪ ಒಂದು ತಿಂಗಳಿಂದ ಹೇಳುತ್ತ ಬಂದಿದ್ದ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಅವಳ ತಾತ ಕೂತಿದ್ದರು. ಕಪ್ಪು ಆಕಾಶದಲ್ಲಿ ಒಂದು ದೀಪ ಮೂಡಿತು, ದೊಡ್ಡದಾಯಿತು, ಸದ್ದಿಲ್ಲದೆ ಕೆಳಗಿಳಿಯಿತು. ಅದರ ಹಿಂದೆಯೇ ಇನ್ನೊಂದು.

"ತಾತ, ಇದು ಯಾಕೆ ಸಿಡೀತಿಲ್ಲ?"

"ಸಿಡಿಯಬಾರದು ಕಂದ. ಒಳಗೆ ಜನ ಕೂತಿದಾರೆ."

ಅದು 2009ರ ಜೂನ್ ತಿಂಗಳು, ಊರು ಅಮೆರಿಕದ ಫ್ಲಾರಿಡಾ ರಾಜ್ಯದ ಒರ್ಲ್ಯಾಂಡೊ. ಆ ಹೋಟೆಲಿನಿಂದ ಮ್ಯಾಜಿಕ್ ಕಿಂಗ್‌ಡಮ್ ಸುಮಾರು 25 ಮೈಲಿ ದೂರ, ವಿಮಾನ ನಿಲ್ದಾಣ ಎರಡೇ ಮೈಲಿ. ಅಂಥದ್ದನ್ನು ಆರಿಸಿದ ಅಪ್ಪ ನಾನೇ. ಆದರೆ ಆ ದಿನಗಳ ನನ್ನನ್ನು 'ನಾನು' ಎಂದು ಕರೆದುಕೊಳ್ಳಲು ಇವತ್ತಿಗೂ ನಾಚಿಕೆ. ಹಾಗಾಗಿ ಇಲ್ಲಿಂದ ಮುಂದೆ ಅವನು ಬರೀ 'ಅವನು'.

ಅವನು ಅಟ್ಲಾಂಟಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ. ಕೃಷ್ಣರಾಜನಗರದ ಕಡೆಯಿಂದ ಅಪ್ಪ, ಅಮ್ಮ ಮೊದಲ ಸಲ ಬಂದಿದ್ದರು. ಮಗಳಿಗೆ ಬೇಸಿಗೆ ರಜೆ. ಡಿಸ್ನಿ ವರ್ಲ್ಡ್‌ನಲ್ಲಿ ಆಗ ದೊಡ್ಡವರ ಒಂದು ದಿನದ ಟಿಕೆಟ್ಟಿಗೆ 75 ಡಾಲರ್, ಹತ್ತು ತುಂಬಿದವರೆಲ್ಲ ದೊಡ್ಡವರೇ. ನಾಲ್ಕು ಜನ ದೊಡ್ಡವರಿಗೇ 300 ಡಾಲರ್ ಗೇಟಿನಲ್ಲೇ ಹೋಗುತ್ತಿತ್ತು, ಅಲ್ಲಿ ಚೌಕಾಸಿಗೆ ಜಾಗವಿಲ್ಲ. ಉಳಿಸುವುದಾದರೆ ಕೋಣೆಯಲ್ಲೇ ಉಳಿಸಬೇಕು. ನೃಪತುಂಗ ಕನ್ನಡ ಕೂಟದ ಪಿಕ್‌ನಿಕ್ಕಿನಲ್ಲಿ, ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದಾಗ ಗೆಳೆಯನೊಬ್ಬ ಕಿವಿಯಲ್ಲಿ ಉಸುರಿದ: "ಬುಕ್ ಮಾಡಬೇಡ ಮಾರಾಯ, ಬಿಡ್ ಮಾಡು. ನಾನು ಫೋರ್ ಸ್ಟಾರ್ ಕೋಣೆ 60 ಡಾಲರಿಗೆ ಹೊಡೆದೆ."

'ಹೊಡೆದೆ' ಅನ್ನುವ ಆ ಮಾತೇ ಅವನನ್ನು ಕೆಡಿಸಿತು.

ಒರ್ಲ್ಯಾಂಡೊದಲ್ಲಿ ಇಂಥ ವ್ಯವಹಾರ ಕುದುರುವುದಕ್ಕೆ ಒಂದು ಹಿನ್ನೆಲೆ ಇದೆ. ವಾಲ್ಟ್ ಡಿಸ್ನಿ 1955ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಕೊಂಡಿದ್ದ ಜಮೀನು ಕೇವಲ 160 ಎಕರೆ. ಹೋಟೆಲು ಕಟ್ಟಲು ಕೈಯಲ್ಲಿ ದುಡ್ಡಿರಲಿಲ್ಲ. ಡಿಸ್ನಿಲ್ಯಾಂಡ್ ಹೋಟೆಲನ್ನೇ ಜ್ಯಾಕ್ ರ‍್ಯಾದರ್ ಎಂಬ ಬೇರೆ ಉದ್ಯಮಿ ಕಟ್ಟಿಸಿದ, ಅದು ಡಿಸ್ನಿ ಕಂಪನಿಯ ಕೈಗೆ ಬಂದದ್ದು 1988ರಲ್ಲಿ. ಬೇಲಿಯ ಹೊರಗೆ ಮೋಟೆಲುಗಳು ಸಾಲುಗಟ್ಟಿ ಎದ್ದು, ಪಾರ್ಕಿಗೆ ಬಂದ ಜನರ ದುಡ್ಡು ಅವುಗಳ ಗಲ್ಲಾಪೆಟ್ಟಿಗೆ ಸೇರಿತು. ಇದನ್ನು ಕಂಡು ಕುದ್ದಿದ್ದ ವಾಲ್ಟ್, ಫ್ಲಾರಿಡಾದಲ್ಲಿ ಹೆಸರು ಹೊರಬೀಳದಂತೆ ಬೇನಾಮಿ ಕಂಪನಿಗಳ ಮೂಲಕ 27,000 ಎಕರೆಗೂ ಹೆಚ್ಚು ಜೌಗು ಭೂಮಿ ಕೊಂಡ. 1965ರ ಅಕ್ಟೋಬರಿನಲ್ಲಿ ಗುಟ್ಟು ಬಯಲಾಯಿತು, ಮರುವರ್ಷ ವಾಲ್ಟ್ ತೀರಿಕೊಂಡ, 1971ರ ಅಕ್ಟೋಬರ್ 1ರಂದು ಮ್ಯಾಜಿಕ್ ಕಿಂಗ್‌ಡಮ್ ಬಾಗಿಲು ತೆರೆಯಿತು. ಇಷ್ಟು ಅಗಲದ ಬೇಲಿ ಹಾಕಿದರೂ ಮೋಟೆಲುಗಳೇನು ಸುಮ್ಮನಿರಲಿಲ್ಲ, ಬೇಲಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಶುರುವಾದವು. ಲೇಕ್ ಬ್ಯುನಾ ವಿಸ್ಟಾ, ಕಿಸಿಮಿ, ಇಂಟರ್‌ನ್ಯಾಷನಲ್ ಡ್ರೈವ್, ವಿಮಾನ ನಿಲ್ದಾಣದ ಸುತ್ತಮುತ್ತ ಎಲ್ಲ ಸೇರಿ ಲಕ್ಷಕ್ಕೂ ಮೀರಿದ ಕೋಣೆಗಳು.

ಇವತ್ತು ರಾತ್ರಿ ಖಾಲಿ ಉಳಿದ ಕೋಣೆಯನ್ನು ನಾಳೆ ಮಾರಲಾಗದು. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ರಾತ್ರಿ ಎಂಟಕ್ಕೆ ಬಾಡುತ್ತಿರುವ ಸೊಪ್ಪಿನ ಕಂತೆಯ ಪಾಡು ಅದರದು. ಆದರೆ ಸೊಪ್ಪಿನವಳು "ಎರಡು ಕಂತೆ ತಗೊಳ್ಳಿ, ಮೂರನೇದು ಬಿಟ್ಟಿ" ಎಂದು ಕೂಗಬಹುದು, ಹೋಟೆಲಿನವರು ಕೂಗುವ ಹಾಗಿಲ್ಲ. ಇದೇ ಕೋಣೆ 50 ಡಾಲರಿಗೆ ಸಿಗುತ್ತದೆ ಎಂದು ಗೊತ್ತಾದರೆ 120 ಕೊಟ್ಟವನು ಕೌಂಟರಿಗೆ ಬಂದು ನಿಲ್ಲುತ್ತಾನೆ.

ಈ ಪೇಚಿನಿಂದ ಪಾರಾಗಲು ಜೇ ವಾಕರ್ ಎಂಬಾತ 1998ರಲ್ಲಿ ಪ್ರೈಸ್‌ಲೈನ್ ಎಂಬ ಅಂಗಡಿಯನ್ನು ಇಂಟರ್‌ನೆಟ್ಟಿನಲ್ಲಿ ತೆರೆದ. ಮೊದಲು ವಿಮಾನದ ಟಿಕೆಟ್ಟು, ಅದೇ ವರ್ಷ ಹೋಟೆಲ್ ಕೋಣೆ. 'ನಿಮ್ಮ ಬೆಲೆ ನೀವೇ ಹೇಳಿ' ಎನ್ನುವುದು ಅದರ ಘೋಷಣೆ, ಆ ಪದ್ಧತಿಗೆ ಪೇಟೆಂಟ್ ಕೂಡ ಆ ವರ್ಷವೇ ಸಿಕ್ಕಿತು. 'ಸ್ಟಾರ್ ಟ್ರೆಕ್'ನ ಕ್ಯಾಪ್ಟನ್ ಕರ್ಕ್ ಆಗಿದ್ದ ವಿಲಿಯಂ ಶಾಟ್ನರ್ ಟೀವಿಯಲ್ಲಿ ಅದನ್ನು ಸಾರುತ್ತಿದ್ದ. ಊರು, ಏರಿಯಾ, ಎಷ್ಟು ಸ್ಟಾರ್, ಯಾವ ತಾರೀಖು, ನಿಮ್ಮ ಬೆಲೆ, ಕ್ರೆಡಿಟ್ ಕಾರ್ಡ್ ನಂಬರು ಇಷ್ಟನ್ನು ತುಂಬಿ ಗುಂಡಿ ಒತ್ತಬೇಕು. ಯಾವುದಾದರೂ ಹೋಟೆಲು ಒಳಗೊಳಗೇ ಇಟ್ಟ ಕನಿಷ್ಠ ಬೆಲೆಗೆ ನಿಮ್ಮ ಬೆಲೆ ಮುಟ್ಟಿದರೆ ಕಾರ್ಡಿನಿಂದ ಹಣ ಆ ಕ್ಷಣವೇ ಹೋಯಿತು. ಹೋಟೆಲಿನ ಹೆಸರು ತಿಳಿಯುವುದು ಆಮೇಲೆ. ವಾಪಸಿಲ್ಲ, ಬದಲಾವಣೆಯಿಲ್ಲ. ಎರಡು ವರ್ಷದ ನಂತರ ಬಂದ ಹಾಟ್‌ವೈರ್ ಇದನ್ನೇ ತಿರುಗಿಸಿಟ್ಟಿತು: ಬೆಲೆ ಅವರೇ ಹೇಳುತ್ತಾರೆ, ಹೆಸರು ಮಾತ್ರ ಬಚ್ಚಿಡುತ್ತಾರೆ.

ಬಿಡ್ ಎಂಬ ಹೆಸರೇನೋ ಇತ್ತು, ಆದರೆ ಇದು ಹರಾಜಲ್ಲ. ಹರಾಜಿನಲ್ಲಿ ಪಕ್ಕದವನು ಎಷ್ಟು ಕೂಗಿದ ಎಂದು ಕೇಳಿಸುತ್ತದೆ. ಇಲ್ಲಿ ಕೂಗುವವನು ಒಬ್ಬನೇ, ಅದೂ ಕತ್ತಲೆಯಲ್ಲಿ.

ಅವನು ಐದು ರಾತ್ರಿ ಕೂಗಿದ.

ಮೊದಲನೇ ರಾತ್ರಿ ಡಿಸ್ನಿಗೆ ಅಂಟಿಕೊಂಡ ಏರಿಯಾ, ತ್ರೀ ಸ್ಟಾರ್, ಎರಡು ಕೋಣೆ, ಮೂರು ರಾತ್ರಿ, 35 ಡಾಲರ್. ತಿರಸ್ಕಾರ. ಅದೇ ಬೇಡಿಕೆಯನ್ನು ಮತ್ತೆ ಇಡಲು 24 ಗಂಟೆ ಕಾಯಬೇಕು, ಇಲ್ಲವೇ ಏನನ್ನಾದರೂ ಬದಲಿಸಬೇಕು. ಇಲ್ಲೇ ಪಳಗಿದವರ ಕೈಚಳಕ ಇದ್ದದ್ದು. ತ್ರೀ ಸ್ಟಾರ್ ಹೋಟೆಲೇ ಇಲ್ಲದ ಇನ್ನೊಂದು ಏರಿಯಾಕ್ಕೂ ಟಿಕ್ ಹಾಕಿದರೆ ಬೇಡಿಕೆ ಬದಲಾದ ಲೆಕ್ಕ, ಆಗ ತಕ್ಷಣ ಇನ್ನೊಂದು ಬಿಡ್ ಹಾಕಬಹುದು. ಅಲ್ಲಿ ಇಲ್ಲದ್ದನ್ನು ಅವರು ತಾನೇ ಎಲ್ಲಿಂದ ಕೊಡುತ್ತಾರೆ? ಗೆಳೆಯ ಕಳಿಸಿದ ಎಕ್ಸೆಲ್ ಹಾಳೆಯಲ್ಲಿ ಯಾವ ಏರಿಯಾದಲ್ಲಿ ಎಷ್ಟು ಸ್ಟಾರಿನವು ಇವೆ ಎಂಬ ಪಟ್ಟಿಯಿತ್ತು. ಅವನು ಅದಕ್ಕೆ ಇನ್ನೂ ನಾಲ್ಕು ಕಾಲಂ ಸೇರಿಸಿ ಬಣ್ಣ ಬಳಿದ. 39, 42, 44. ಹೆಂಡತಿ ನಡುಮನೆಯ ದೀಪ ಆರಿಸುತ್ತ, "ರೀ, ನಾಲ್ಕು ಡಾಲರ್ ಉಳಿಸೋಕೆ ನಾಲ್ಕು ರಾತ್ರಿ ನಿದ್ದೆ ಕೆಟ್ಟಿದೀರ. ಗಂಟೆಗೆ ಎಷ್ಟು ಬಿತ್ತು ಅಂತ ಆ ಹಾಳೇಲಿ ಒಂದು ಕಾಲಂ ಹಾಕಿ" ಅಂದಳು. ಅವನಿಗೆ ಅದು ತಮಾಷೆಯಾಗಿ ಕೇಳಲಿಲ್ಲ. ಅಷ್ಟು ಹೊತ್ತಿಗೆ ಅದು ಕೋಣೆಯ ಮಾತಾಗಿ ಉಳಿದಿರಲಿಲ್ಲ, ಯಾವನೋ ಕಾಣದವನು ಗುಟ್ಟು ಬಚ್ಚಿಟ್ಟಿದ್ದಾನೆ, ಅದನ್ನು ಕಕ್ಕಿಸಬೇಕು ಎಂಬ ಹಟವಾಗಿತ್ತು. ಲೇಕ್ ಬ್ಯುನಾ ವಿಸ್ಟಾದಲ್ಲಿ ಒಂದು ಒಳ್ಳೆಯ ಹೋಟೆಲು 84 ಡಾಲರಿಗೆ, ಬೇಕಾದಾಗ ರದ್ದು ಮಾಡುವ ಅನುಕೂಲದೊಂದಿಗೆ, ಬೆಳಗಿನ ತಿಂಡಿ ಸಹಿತ, ಡಿಸ್ನಿಗೆ ಉಚಿತ ಬಸ್ಸಿನ ಸಹಿತ ತೆರೆದೇ ಇತ್ತು. ಅದನ್ನು ಆ ಐದು ರಾತ್ರಿಯೂ ನೋಡುತ್ತಿದ್ದ, ಆದರೆ ಕಾಯ್ದಿರಿಸಲಿಲ್ಲ.

ಐದನೇ ರಾತ್ರಿ ಹನ್ನೆರಡೂವರೆಗೆ ಸುರಕ್ಷಿತ ಏರಿಯಾಗಳು ಮುಗಿದವು. ಉಳಿದದ್ದು ವಿಮಾನ ನಿಲ್ದಾಣದ ಏರಿಯಾ. ಅಲ್ಲಿ ತ್ರೀ ಸ್ಟಾರ್ ಹೋಟೆಲುಗಳಿವೆ ಎಂದು ಅವನ ಹಾಳೆಯೇ ಕೆಂಪು ಬಣ್ಣದಲ್ಲಿ ಹೇಳುತ್ತಿತ್ತು. ಆದರೂ, ಮೊದಲು ಆರಿಸಿದ ಏರಿಯಾದಲ್ಲೇ ಮೊದಲು ಹುಡುಕುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಹಾಗೆಂದು ಅವನಿಗೆ ಹೇಳಿದ್ದು ಯಾರು? ಯಾರೂ ಹೇಳಿರಲಿಲ್ಲ. ಟಿಕ್ ಹಾಕಿ 52 ಎಂದು ಬರೆದು ಗುಂಡಿ ಒತ್ತಿದ.

ಅಭಿನಂದನೆಗಳು, ಎಂದಿತು ಪರದೆ.

ಅಟ್ಲಾಂಟಾದಿಂದ ಒರ್ಲ್ಯಾಂಡೊಗೆ ಕಾರಿನಲ್ಲಿ ಏಳು ಗಂಟೆಯ ಹಾದಿ. ಜಾರ್ಜಿಯಾದ ಪೈನ್ ಮರಗಳು ಮುಗಿಯುವ ಸೂಚನೆಯೇ ಇರದ ಒಂದು ಜಾಗದಲ್ಲಿ ಅಪ್ಪ, ಕೋಣೆಗೆ ಎಷ್ಟಾಯಿತು ಎಂದು ಕೇಳಿದರು. ಅವನು ಹೆಮ್ಮೆಯಿಂದಲೇ ಎಲ್ಲ ವಿವರಿಸಿದ. ಅಪ್ಪ ಪೂರ್ತಿ ಕೇಳಿಸಿಕೊಂಡರು.

"ಇದು ಚುಂಚನಕಟ್ಟೆ ಜಾತ್ರೆಯ ಟವಲ್ ವ್ಯಾಪಾರ ಕಣೋ" ಅಂದರು. ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ಸೇರುವ ದನಗಳ ಜಾತ್ರೆಯಲ್ಲಿ ದಲ್ಲಾಳಿಯೂ ಕೊಳ್ಳುವವನೂ ಟವಲ್ಲಿನ ಅಡಿಯಲ್ಲಿ ಕೈ ಹಿಡಿದು ಬೆರಳಲ್ಲೇ ಬೆಲೆ ಕುದುರಿಸುತ್ತಾರೆ. ಸುತ್ತ ನಿಂತವರಿಗೆ ಎಷ್ಟಕ್ಕೆ ಮುಗಿಯಿತು ಎಂದು ತಿಳಿಯದು, ಪಕ್ಕದ ಜೋಡಿಯ ಬೆಲೆ ಬೀಳದು. ಹೋಟೆಲಿನವರ ಕಷ್ಟವನ್ನು ಅಪ್ಪ ಅರ್ಧ ನಿಮಿಷದಲ್ಲಿ ಹಿಡಿದಿದ್ದರು. ಆಮೇಲೆ ಕಿಟಕಿಯಾಚೆ ನೋಡುತ್ತ ಸೇರಿಸಿದರು: "ಆದರೆ ಅಲ್ಲಿ ಎತ್ತು ಎದುರಿಗೇ ನಿಂತಿರತ್ತೆ. ಹಲ್ಲು ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಆಮೇಲೆ ಟವಲ್ಲು. ನೀನು ಎತ್ತು ನೋಡದೇ ಬೆರಳು ಕೊಟ್ಟಿದೀಯ."

ಎತ್ತು ಕೆಟ್ಟದ್ದಾಗಿರಲಿಲ್ಲ, ಅದನ್ನು ಹೇಳಿಬಿಡಬೇಕು. ಹೋಟೆಲು ಚೊಕ್ಕಟವಾಗಿತ್ತು, ಕೌಂಟರಿನಲ್ಲಿದ್ದಾಕೆ ನಗುಮುಖದವಳು. ಆದರೆ ಎರಡರಲ್ಲಿ ಒಂದು ಕೋಣೆಗೆ ಒಂದೇ ಮಂಚ. ಬಿಡ್‌ನಲ್ಲಿ ಕೊಂಡ ಕೋಣೆಗೆ ಇಬ್ಬರು ಮಲಗುವಷ್ಟು ಜಾಗದ ಖಾತರಿ ಮಾತ್ರ, ಮಂಚ ಒಂದೋ ಎರಡೋ ಎಂಬುದರ ಖಾತರಿ ಇಲ್ಲ. ನಿಯಮಾವಳಿಯಲ್ಲಿದ್ದ ಆ ಸಾಲನ್ನು ಅವನು ಓದಿರಲಿಲ್ಲ. ಹಿಂದಿನ ದಿನವೇ ಫೋನ್ ಮಾಡಿ ವಿನಯದಿಂದ ಕೇಳಿದ್ದರೆ ಏನಾದರೂ ಮಾಡಬಹುದಿತ್ತು, ಈಗ ಎಲ್ಲ ತುಂಬಿದೆ ಅಂದಳು ಆಕೆ. ಕೋಣೆಯಲ್ಲಿ ಮೈಕ್ರೋವೇವ್ ಇರಲಿಲ್ಲ, ಅಮ್ಮ ತಂದಿದ್ದ ಪಲ್ಯ ತಣ್ಣಗೇ ಮುಗಿಯಿತು. ಚಪಾತಿ ಚಟ್ನಿಪುಡಿಗೆ ಯಾವ ಸ್ಟಾರೂ ಬೇಕಿರಲಿಲ್ಲ, ಪುಣ್ಯ.

ನಿಜವಾದ ಪೆಟ್ಟು ಬಿದ್ದದ್ದು ಮರುದಿನ ಮಧ್ಯಾಹ್ನ. ಜೂನ್ ತಿಂಗಳ ಫ್ಲಾರಿಡಾ ಅಂದರೆ ಮಂಗಳೂರಿನ ಸೆಕೆಗೆ ಕಾಂಕ್ರೀಟು ಹಾಸಿದ ಹಾಗೆ. ಎರಡು ಗಂಟೆಯ ಹೊತ್ತಿಗೆ ಅಮ್ಮನ ಮಂಡಿ ಊದಿತು. ಅನುಭವಸ್ಥರು ಇಂಥ ಹೊತ್ತಿನಲ್ಲಿ ಕೋಣೆಗೆ ಹೋಗಿ ಮೂರು ಗಂಟೆ ಮಲಗಿ, ಸಂಜೆ ಬಾಣಬಿರುಸಿಗೆ ವಾಪಸು ಬರುತ್ತಾರೆ. ಆದರೆ ಮ್ಯಾಜಿಕ್ ಕಿಂಗ್‌ಡಮ್‌ನ ಕಾರು ನಿಲ್ಲಿಸುವ ಬಯಲು ಅದರ ಬಾಗಿಲಲ್ಲಿಲ್ಲ. ನಡುವೆ ಒಂದು ಕೆರೆಯಿದೆ, ದೋಣಿಯಲ್ಲೋ ಮಾನೋರೈಲಿನಲ್ಲೋ ಆಚೆ ದಡ ಮುಟ್ಟಿ, ಅಲ್ಲಿಂದ ಕಾರು ಹುಡುಕಿ, ಆಮೇಲೆ 25 ಮೈಲಿ ಓಡಿಸಬೇಕು. ಹೋಗಿ ಬರುವುದಕ್ಕೇ ಮೂರು ಗಂಟೆ. ನಾಲ್ಕು ಗಂಟೆಯ ತನಕ ಬೆಂಚಿನ ಮೇಲೆ ಕೂತಿದ್ದು ಎಲ್ಲರೂ ಹೊರಟರು. ರಾತ್ರಿ ಕಿಟಕಿಯ ಹತ್ತಿರ ಹುಡುಗಿ ಕಾದಿದ್ದು ಅದಕ್ಕೇ. ಅಪ್ಪನಿಗೂ ಅಲ್ಲಿ ಒಂದು ಕೆಲಸ ಸಿಕ್ಕಿತು: ಮಲಗುವ ಹೊತ್ತಿಗೆ 31 ವಿಮಾನ ಎಣಿಸಿದ್ದರು. ಸೂಟ್‌ಕೇಸಿನ ಚೀಟಿಗಳ ಮೇಲೆ ಒರ್ಲ್ಯಾಂಡೊಗೆ 'ಎಂಸಿಓ' ಎಂದೇಕೆ ಬರೆಯುತ್ತಾರೆ ಎಂದೂ ಕೌಂಟರಿನಲ್ಲಿ ಕೇಳಿ ತಿಳಿದುಕೊಂಡು ಬಂದರು. ಅದು ಹಿಂದೆ ಮಕಾಯ್ ಎಂಬ ವಾಯುಸೇನಾ ನೆಲೆಯಾಗಿತ್ತಂತೆ.

ಊರಿಗೆ ಮರಳಿದ ಮೇಲೆ ಅವನು ಹಾಳೆಯಲ್ಲಿ ಹೊಸ ಕಾಲಂ ತೆರೆದ. 84ಕ್ಕೂ 52ಕ್ಕೂ ವ್ಯತ್ಯಾಸ 32, ಆರು ಕೋಣೆ-ರಾತ್ರಿಗೆ 192 ಡಾಲರ್ ಉಳಿತಾಯ. ಅದರಿಂದ ಮೂರು ಬೆಳಗಿನ ತಿಂಡಿ, ಹೋಟೆಲಿನ ಪಾರ್ಕಿಂಗು, ಡಿಸ್ನಿಯ ಪಾರ್ಕಿಂಗು, ಟೋಲು, ಪೆಟ್ರೋಲು ಕಳೆದ. ಬಿಡ್‌ನ ಮೊತ್ತಕ್ಕೆ ಸೇರಿಸಿದ್ದ ಸೇವಾ ಶುಲ್ಕವನ್ನೂ ಕಳೆದ. ಉಳಿದದ್ದು ಮೂವತ್ತು ಡಾಲರಿನ ಆಸುಪಾಸು. ಹೆಂಡತಿ ಹೇಳಿದ 'ಗಂಟೆಗೆ ಎಷ್ಟು' ಕಾಲಮ್ಮನ್ನು ಮಾತ್ರ ತೆರೆಯುವ ಧೈರ್ಯ ಬರಲಿಲ್ಲ.

ಎರಡು ವರ್ಷದ ನಂತರ ಮತ್ತೆ ಒರ್ಲ್ಯಾಂಡೊ. ಬಿಡ್ ಮಾಡುವುದನ್ನು ಅವನು ಬಿಟ್ಟಿರಲಿಲ್ಲ, ಬಿಡುವ ಚಟವೂ ಅದಲ್ಲ. ಆದರೆ ಈ ಸಲ ಮೊದಲು ಮಾಡಿದ್ದು ರದ್ದು ಮಾಡಬಹುದಾದ ಕೋಣೆಯೊಂದನ್ನು ಹಿಡಿದಿಟ್ಟುಕೊಂಡದ್ದು. ಆಮೇಲೆ ಒಂದೇ ಏರಿಯಾ, ಒಂದೇ ಬಿಡ್. ಡಿಸ್ನಿಯ ಜಮೀನಿನ ಒಳಗೇ ಇದ್ದೂ ಡಿಸ್ನಿಯವರದಲ್ಲದ ಸ್ವಾನ್ ಮತ್ತು ಡಾಲ್ಫಿನ್ ಹೋಟೆಲುಗಳ ಮೇಲೆ ಅವನ ಕಣ್ಣು. ಮೈಕೆಲ್ ಗ್ರೇವ್ಸ್ ವಿನ್ಯಾಸದ ಆ ಕಟ್ಟಡಗಳ ನೆತ್ತಿಯ ಮೇಲೆ ದೈತ್ಯ ಹಂಸ, ದೈತ್ಯ ಮೀನು ಕೂತಿವೆ, ಅಲ್ಲಿಂದ ಎಪ್‌ಕಾಟ್ ಪಾರ್ಕಿಗೆ ನಡೆದೇ ಹೋಗಬಹುದು. ಇಂಥ ಕಡೆ ಎಷ್ಟು ಅಗ್ಗಕ್ಕೆ ಸಿಕ್ಕರೂ ರೆಸಾರ್ಟ್ ಶುಲ್ಕ ಎಂಬ ಬಾಲವೊಂದು ಆಗ ಕೌಂಟರಿನಲ್ಲಿ ಕಾದಿರುತ್ತಿತ್ತು, ಆದ್ದರಿಂದ ಅದನ್ನು ಕಳೆದು ಉಳಿದ ಮೊತ್ತವನ್ನೇ ಬಿಡ್ ಮಾಡಿದ. ತಿರಸ್ಕಾರವಾಯಿತು. ಲ್ಯಾಪ್‌ಟಾಪ್ ಮುಚ್ಚಿದ. ಹಿಡಿದಿಟ್ಟ ಕೋಣೆಗೇ ಹೋದರು, ಮಧ್ಯಾಹ್ನ ಎಲ್ಲರೂ ಮಲಗಿದರು, ರಾತ್ರಿ ಬಾಣಬಿರುಸು ನೋಡಿದರು. ಆ ಪ್ರವಾಸದ ಬಗ್ಗೆ ಹೇಳಲು ಇನ್ನೇನೂ ಇಲ್ಲ.

ಆ ವ್ಯಾಪಾರವೂ ಈಗಿಲ್ಲ. ಪ್ರೈಸ್‌ಲೈನ್ 2016ರಲ್ಲಿ ವಿಮಾನ ಟಿಕೆಟ್ಟಿನ ಬಿಡ್ ನಿಲ್ಲಿಸಿತು, ಕೋಣೆಯದೂ ಆಮೇಲೆ ನಿಂತಿತು. ಹೆಸರು ಬಚ್ಚಿಟ್ಟು ಬೆಲೆ ತಾನೇ ಹೇಳುವ ಪದ್ಧತಿ ಮಾತ್ರ ಉಳಿದಿದೆ. ಗಿರಾಕಿಯ ಬಾಯಿಂದ ಬೆಲೆ ಹೇಳಿಸಿ ಹೆಸರಾದ ಆ ಕಂಪನಿ, 2005ರಲ್ಲಿ ಕೊಂಡುಕೊಂಡ ಬುಕಿಂಗ್ ಡಾಟ್ ಕಾಮ್‌ನ ಹೆಸರಿನಲ್ಲೇ 2018ರಿಂದ ಬುಕಿಂಗ್ ಹೋಲ್ಡಿಂಗ್ಸ್ ಆಗಿದೆ. ಕೌಂಟರಿನಲ್ಲಿ ಕಾಯುತ್ತಿದ್ದ ಆ ಬಾಲಕ್ಕೂ ಕತ್ತರಿ ಬಿದ್ದಿದೆ: 2025ರ ಮೇ ತಿಂಗಳಿಂದ ಅಮೆರಿಕದಲ್ಲಿ ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿದ ಬೆಲೆಯನ್ನೇ ಮೊದಲು ತೋರಿಸಬೇಕು ಎಂಬ ನಿಯಮ ಜಾರಿಗೆ ಬಂತು.

ಕೃಷ್ಣರಾಜನಗರದಲ್ಲಿ ಯಾರಾದರೂ ಅಮೆರಿಕದಲ್ಲಿ ಏನು ನೋಡಿದಿರಿ ಎಂದು ಕೇಳಿದರೆ ಅಪ್ಪ ಡಿಸ್ನಿಯ ಕೋಟೆಯ ಸುದ್ದಿ ಎತ್ತುವುದಿಲ್ಲ. ಕಿಟಕಿಯ ಹತ್ತಿರ ಮೊಮ್ಮಗಳ ಜೊತೆ ಕೂತದ್ದನ್ನು ಹೇಳುತ್ತಾರೆ. ವಿಮಾನಗಳ ಸಂಖ್ಯೆ ಮೊನ್ನೆ ಫೋನಿನಲ್ಲಿ ಕೇಳಿದಾಗ 50 ದಾಟಿತ್ತು.