ಆಯಿಲ್ ಪ್ಯಾನ್ ಬದಲಿಸುವ ಮುನ್ನ: ಎಂಜಿನ್ ಆಯಿಲ್ ತಂಪಾಗಿಡಲು ಹನ್ನೆರಡು ಸೂತ್ರಗಳು

ಟ್ರ್ಯಾಕಿನಲ್ಲಿ ನಾಲ್ಕಾರು ಸುತ್ತು ಜೋರಾಗಿ ಓಡಿಸಿದ ಮೇಲೆ ಕಾರು ಇದ್ದಕ್ಕಿದ್ದಂತೆ ಮಂಕಾಗುತ್ತದೆ. ಆಕ್ಸಿಲರೇಟರ್ ಎಷ್ಟು ತುಳಿದರೂ ಆರ್‌ಪಿಎಂ ಮೇಲೇರುವುದಿಲ್ಲ. ನಿಸಾನ್ 370ಝಡ್ ಇಟ್ಟುಕೊಂಡ ಅನೇಕರಿಗೆ ಇದು ಚಿರಪರಿಚಿತ. 3.7 ಲೀಟರಿನ ಅದರ ವಿ6 ಎಂಜಿನ್ 7,500 ಆರ್‌ಪಿಎಂವರೆಗೆ ಖುಷಿಯಿಂದ ಏರುತ್ತದೆ. ಆದರೆ 2009ರ ಮಾದರಿಯಾಗಿ ಬಂದ ಮೊದಮೊದಲ ಕಾರುಗಳಲ್ಲಿ ಆಯಿಲ್ ಕೂಲರ್ ಇರಲಿಲ್ಲ. ಆಯಿಲ್ 140 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾದರೆ ಎಂಜಿನ್ನಿನ ಕಂಪ್ಯೂಟರ್ ತಾನಾಗಿ ಶಕ್ತಿ ತಗ್ಗಿಸಿಬಿಡುತ್ತದೆ. ಸ್ಪೋರ್ಟ್ ಮಾದರಿಗಳಿಗೆ ನಿಸಾನ್ ಆಮೇಲೆ ಕೂಲರ್ ಕೊಟ್ಟಿತು. ಮಾಲೀಕರು ಅಷ್ಟರೊಳಗೆ ತಮ್ಮದೇ ದಾರಿ ಹುಡುಕಿಕೊಂಡಿದ್ದರು. ಎಂಜಿನ್ನಿನ ಅಡಿಯಲ್ಲಿರುವ ಉಕ್ಕಿನ ತಗಡಿನ ಪ್ಯಾನ್, ಅಂದರೆ ನಮ್ಮ ಗ್ಯಾರೇಜಿನವರು ಹೇಳುವ ಚೇಂಬರ್, ಅದನ್ನು ಬಿಚ್ಚಿ, ಫಿನ್‌ಗಳಿರುವ ದೊಡ್ಡ ಅಲ್ಯೂಮಿನಿಯಂ ಪ್ಯಾನ್ ಕೂರಿಸುವುದು ಆ ದಾರಿಗಳಲ್ಲೊಂದು. ಜಪಾನಿನ ಗ್ರೆಡ್ಡಿಯಂಥ ಕಂಪನಿಗಳು ಇಂಥ ಪ್ಯಾನ್ ಮಾಡುತ್ತವೆ. ನಿಮ್ಮದು ಬೇರೆ ಸ್ಪೋರ್ಟ್ಸ್ ಕಾರಾದರೂ ಕೆಳಗಿನ ಮಾತುಗಳಲ್ಲಿ ಹೆಚ್ಚಿನವು ಅದಕ್ಕೂ ಸಲ್ಲುತ್ತವೆ.

1. ಕೊಳ್ಳುವ ಮೊದಲು ಅಳೆಯಿರಿ

370ಝಡ್‌ನ ಡ್ಯಾಶ್‌ಬೋರ್ಡಿನ ಮೇಲೆ ಆಯಿಲ್ ಬಿಸಿ ತೋರಿಸುವ ಗೇಜ್ ಕಂಪನಿಯಿಂದಲೇ ಬರುತ್ತದೆ. ನಿಮ್ಮ ಕಾರಿನಲ್ಲಿ ಇಲ್ಲದಿದ್ದರೆ ಒಂದು ಸೆನ್ಸರ್, ಒಂದು ಗೇಜ್ ಹಾಕಿಸಿ. ಇಡೀ ಕೆಲಸದಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ. ಕೂಲಂಟ್ ಗೇಜ್ ನೋಡಿ ಆಯಿಲ್‌ನ ಸ್ಥಿತಿ ಊಹಿಸಬೇಡಿ. ಕೂಲಂಟ್ ಮುಳ್ಳು ಅಲ್ಲಾಡದೆ ನಿಂತಿರುವಾಗಲೇ ಆಯಿಲ್ 130 ದಾಟಿರಬಹುದು. ಹೆದ್ದಾರಿಯಲ್ಲಿ ಎಷ್ಟು, ಟ್ರಾಫಿಕ್ಕಿನಲ್ಲಿ ಎಷ್ಟು, ಟ್ರ್ಯಾಕಿನ ಎಷ್ಟನೇ ಸುತ್ತಿಗೆ ಎಷ್ಟು, ಆ ಹೊತ್ತಿನ ಬಿಸಿಲು ಎಷ್ಟು, ಎಲ್ಲ ಬರೆದಿಡಿ. ಬರಿ ರಸ್ತೆಯಲ್ಲಿ ಓಡಿಸುವ ಕಾರಿನ ಆಯಿಲ್ 90ರಿಂದ 110ರ ನಡುವೆ ಇದ್ದರೆ ನಿಮಗೆ ಹೊಸ ಪ್ಯಾನ್ ಬೇಕಿಲ್ಲ. ಆಯಿಲ್ ಒಂದು ಹದಕ್ಕೆ ಕಾಯಲೇಬೇಕು. ಕಾಯದಿದ್ದರೆ ಅದರಲ್ಲಿ ಸೇರಿಕೊಂಡ ನೀರಿನ ಪಸೆ, ಪೆಟ್ರೋಲ್ ಆವಿಯಾಗಿ ಹೊರಗೆ ಹೋಗುವುದಿಲ್ಲ.

2. ಬಿಸಿ ಏನು ಹಾಳುಮಾಡುತ್ತದೆ ಎಂದು ತಿಳಿದಿರಲಿ

5ಡಬ್ಲ್ಯು-30 ಆಯಿಲ್ 100 ಡಿಗ್ರಿಯಲ್ಲಿ ಎಷ್ಟು ಮಂದವಾಗಿರುತ್ತದೋ, 140ಕ್ಕೆ ಬರುವ ಹೊತ್ತಿಗೆ ಹೆಚ್ಚುಕಡಿಮೆ ಅದರ ಅರ್ಧ. ಕ್ರ್ಯಾಂಕ್ ಶಾಫ್ಟ್ ಮತ್ತು ಬೇರಿಂಗ್ ಒಂದಕ್ಕೊಂದು ತಾಗದಂತೆ ತಡೆಯುವುದು ಆ ತೆಳು ಪೊರೆಯೊಂದೇ. ಜತೆಗೆ ಬಿಸಿ 10 ಡಿಗ್ರಿ ಏರಿದಾಗಲೆಲ್ಲ ಆಯಿಲ್ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಈ ಕ್ಷೇತ್ರದ ರೂಢಿಯ ಲೆಕ್ಕ. 120ರಲ್ಲಿ ದುಡಿದ ಆಯಿಲ್‌ಗೂ 140ರಲ್ಲಿ ದುಡಿದ ಆಯಿಲ್‌ಗೂ ಆಯುಷ್ಯದಲ್ಲಿ ಅಜಗಜಾಂತರ.

3. ಸಮಯದ ಲೆಕ್ಕ ಬೇರೆ, ತಂಪಿನ ಲೆಕ್ಕ ಬೇರೆ

ಈ ಸೂತ್ರ ಒಂದನ್ನು ಅರಗಿಸಿಕೊಂಡರೆ ಉಳಿದವು ಸಲೀಸು. ದೊಡ್ಡ ಪ್ಯಾನ್ ಎರಡು ಕೆಲಸ ಮಾಡುತ್ತದೆ. ಒಂದು, ಹೆಚ್ಚು ಆಯಿಲ್ ಹಿಡಿಯುತ್ತದೆ. ಇನ್ನೊಂದು, ಅದರ ಮೈ ಗಾಳಿಗೆ ಹೆಚ್ಚು ಒಡ್ಡಿಕೊಂಡಿರುತ್ತದೆ. ಮಾರುವವರು ಎರಡನ್ನೂ ಸೇರಿಸಿ “ಆಯಿಲ್ ತಂಪಾಗುತ್ತದೆ” ಎಂದುಬಿಡುತ್ತಾರೆ. ನೀವು ಬಿಡಿಸಿ ನೋಡಿ.

370ಝಡ್‌ಗೆ ಫಿಲ್ಟರ್ ಸೇರಿ ಸುಮಾರು 4.9 ಲೀಟರ್ ಆಯಿಲ್ ಹಿಡಿಯುತ್ತದೆ. ಒಂದೂವರೆ ಲೀಟರ್ ಹೆಚ್ಚು ಹಿಡಿಯುವ ಪ್ಯಾನ್ ಹಾಕಿದಿರಿ ಎನ್ನಿ, ಆಯಿಲ್‌ನ ಪ್ರಮಾಣ ಶೇ. 30ರಷ್ಟು ಏರಿತು. ಎಂಜಿನ್ ಕೊಡುವ ಶಾಖ ಅಷ್ಟೇ ಇದ್ದರೆ, ಮೊದಲು ಏಳೂವರೆ ನಿಮಿಷದಲ್ಲಿ 100ರಿಂದ 130ಕ್ಕೆ ಏರುತ್ತಿದ್ದ ಆಯಿಲ್ ಈಗ ಹತ್ತು ನಿಮಿಷದ ಹತ್ತಿರ ತೆಗೆದುಕೊಳ್ಳುತ್ತದೆ. ಚೆನ್ನೈ ಬಳಿಯ ಇರುಂಗಟ್ಟುಕೋಟೈ ಟ್ರ್ಯಾಕಿನ ಒಂದು ಸುತ್ತು 3.7 ಕಿಲೋಮೀಟರ್ ಚಿಲ್ಲರೆ. ಬೆಂಗಳೂರಿನಿಂದ ಅಲ್ಲಿಗೆ ಟ್ರ್ಯಾಕ್ ಡೇಗೆ ಹೋಗುವವರಿಗೆ ಆ ಎರಡೂವರೆ ನಿಮಿಷವೆಂದರೆ ಒಂದು ಸುತ್ತಿನ ಲಾಭ. ಕಡಿಮೆಯೇನಲ್ಲ. ಆದರೆ ಅದು ಸಮಯದ ಲಾಭ, ಅಷ್ಟೇ. ಬಚ್ಚಲ ಹಂಡೆಯ ನೀರು ಚೊಂಬಿನ ನೀರಿಗಿಂತ ನಿಧಾನ ಕಾಯುತ್ತದೆ. ಉರಿ ಆರದಿದ್ದರೆ ಹಂಡೆಯೂ ಕುದಿಯುತ್ತದೆ. ಇಪ್ಪತ್ತು ನಿಮಿಷ ಬಿಡದೆ ಓಡಿಸುವವರಿಗೆ ಕೊನೆಗೆ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಲೀಟರ್ ಅಲ್ಲ, ಗಾಳಿಗೆ ಹೋಗುವ ಶಾಖ.

4. ಫಿನ್ ನೋಡಿ ಮರುಳಾಗಬೇಡಿ, ಗಾಳಿಯ ದಾರಿ ನೋಡಿ

ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಮೂರು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ, ನಿಜ. ಹಾಗೆಂದು ಆಯಿಲ್ ಮೂರು ಪಟ್ಟು ತಂಪಾಗುವುದಿಲ್ಲ. ತೆಳು ತಗಡು ದಾಟುವುದು ಶಾಖಕ್ಕೆ ಕಷ್ಟವೇ ಅಲ್ಲ. ಕಷ್ಟವೆಲ್ಲ ಲೋಹದ ಹೊರಮೈಯಿಂದ ಗಾಳಿಗೆ ಸೇರಿಕೊಳ್ಳುವುದರಲ್ಲಿ. ಫಿನ್‌ಗಳಿಗೆ ಬೆಲೆ ಬರುವುದು ಅಲ್ಲಿ, ಅದೂ ಗಾಳಿ ಬೀಸಿದರೆ. ಕಾರಿನಡಿಯ ಪ್ಲಾಸ್ಟಿಕ್ ಅಂಡರ್‌ಟ್ರೇ ಪ್ಯಾನನ್ನು ಪೂರ್ತಿ ಮುಚ್ಚಿಕೊಂಡಿದ್ದರೆ ಫಿನ್‌ಗಳು ನಿಂತ ಬಿಸಿಗಾಳಿಯಲ್ಲೇ ಬೇಯುತ್ತವೆ. ಟ್ರೇ ಕಿತ್ತೆಸೆಯುವುದೂ ಸರಿಯಲ್ಲ; ರೇಡಿಯೇಟರ್ ಮೂಲಕ ಗಾಳಿ ಸರಿಯಾಗಿ ಹರಿಯಲು ಅದು ಬೇಕು. ಪ್ಯಾನ್‌ಗೆ ನೇರ ಎದುರಾಗುವ ಕಡೆ ಸಣ್ಣ ಡಕ್ಟ್ ಮಾಡಿಸಿ, ಹಿಂದೆ ಗಾಳಿ ಹೊರಬೀಳಲು ಜಾಗ ಬಿಡಿ. ಪ್ಯಾನ್ ಒಂದರಿಂದಲೇ ಕೆಲವು ಡಿಗ್ರಿ ಇಳಿದರೆ ಅದು ಒಳ್ಳೆಯ ಫಲ.

5. ಆಳದ ಪ್ಯಾನ್ ಬೇಡ, ಅಗಲದ್ದು ಬೇಕು

ನಮ್ಮ ರಸ್ತೆಗಳ ಮಟ್ಟಿಗೆ ಇದರಲ್ಲಿ ಎರಡನೇ ಮಾತಿಲ್ಲ. ಉಕ್ಕಿನ ತಗಡು ಹಂಪ್‌ಗೆ ತಾಗಿದರೆ ನೆಗ್ಗುತ್ತದೆ, ಎರಕದ ಅಲ್ಯೂಮಿನಿಯಂ ಬಿರಿಯುತ್ತದೆ. ಬಿರಿದ ಪ್ಯಾನಿನಿಂದ ಆಯಿಲ್ ಸೋರಿಹೋಗಿ, ಆಯಿಲ್ ಲೈಟ್ ಹತ್ತಿದ್ದು ಗಮನಿಸದೆ ಒಂದೆರಡು ಕಿಲೋಮೀಟರ್ ಹೋದರೆ ಎಂಜಿನ್ ಕಥೆ ಮುಗಿಯಿತು. ಮುಂದಿನ ಕ್ರಾಸ್‌ಮೆಂಬರ್‌ಗಿಂತ ಕೆಳಗೆ ಇಳಿಯದ, ಪಕ್ಕಕ್ಕೆ ಹರಡಿಕೊಂಡ ಪ್ಯಾನ್ ಆರಿಸಿ. ಸ್ಪ್ರಿಂಗ್ ತಗ್ಗಿಸಿದ ಕಾರಾದರೆ ಈ ಅಳತೆಯನ್ನು ಇಬ್ಬರು ಕುಳಿತಿರುವಾಗ ತೆಗೆಯಿರಿ.

6. ಬ್ಯಾಫಲ್ ಇಲ್ಲದ ಪ್ಯಾನ್‌ಗೆ ದುಡ್ಡು ಕೊಡಬೇಡಿ

ತಿರುವಿನಲ್ಲಿ ಕಾರು ಒಂದು ಜಿ ಬಲ ತಡೆದುಕೊಂಡಾಗ ಪ್ಯಾನಿನೊಳಗಿನ ಆಯಿಲ್‌ನ ಮೇಲ್ಮೈ 45 ಡಿಗ್ರಿ ವಾಲುತ್ತದೆ. ಒಳ್ಳೆ ಟೈರ್ ಹಾಕಿದ ಕಾರು ಒಂದು ಜಿ ದಾಟುವುದೂ ಉಂಟು. ಉದ್ದನೆಯ ತಿರುವೊಂದರಲ್ಲಿ ಆಯಿಲೆಲ್ಲ ಒಂದು ಗೋಡೆಗೆ ಒತ್ತಿಕೊಂಡು ನಿಂತರೆ ಪಂಪ್‌ಗೆ ಆಯಿಲ್ ಎಳೆದುಕೊಡುವ ಪಿಕಪ್ ಕೊಳವೆಯ ಬಾಯಿ ಗಾಳಿ ಹೀರುತ್ತದೆ. ಆ ಕ್ಷಣಕ್ಕೆ ಬೇರಿಂಗ್‌ಗಳಿಗೆ ಆಯಿಲ್ ಇಲ್ಲ. ಅಗಲದ ಪ್ಯಾನ್‌ನಲ್ಲಿ ಆಯಿಲ್ ಓಡಾಡಲು ಜಾಗ ಹೆಚ್ಚು, ಆದ್ದರಿಂದ ಅಪಾಯವೂ ಹೆಚ್ಚು. ಪಿಕಪ್ ಸುತ್ತ ಬ್ಯಾಫಲ್, ಅಂದರೆ ತಡೆಗೋಡೆ, ಕಟ್ಟಿ, ಒಳಕ್ಕೆ ಮಾತ್ರ ತೆರೆದುಕೊಳ್ಳುವ ಸಣ್ಣ ಬಾಗಿಲುಗಳನ್ನು ಇಟ್ಟ ಪ್ಯಾನ್ ಸಿಕ್ಕರೆ ಅದನ್ನೇ ಕೊಳ್ಳಿ. ಕೊಂಡ ಮೇಲೆ ಬಾಗಿಲುಗಳನ್ನು ಬೆರಳಿನಲ್ಲಿ ತಳ್ಳಿ ನೋಡಿ, ಬಿಟ್ಟೊಡನೆ ತಾವಾಗಿ ಮುಚ್ಚಿಕೊಳ್ಳಬೇಕು. ಹತ್ತು ಡಿಗ್ರಿ ಹೆಚ್ಚಿನ ಬಿಸಿಯನ್ನು ಎಂಜಿನ್ ಸಹಿಸೀತು, ಆಯಿಲ್ ಇಲ್ಲದ ಎರಡು ಸೆಕೆಂಡನ್ನು ಸಹಿಸದು.

7. ಪಿಕಪ್ ಅಂತರ ಕಣ್ಣಳತೆಗೆ ಬಿಡಬೇಡಿ

ಪಿಕಪ್ ಬಾಯಿಗೂ ಪ್ಯಾನಿನ ತಳಕ್ಕೂ ಸಾಮಾನ್ಯವಾಗಿ 6ರಿಂದ 10 ಮಿಲಿಮೀಟರ್ ಅಂತರ ಬೇಕು. ಕಡಿಮೆಯಾದರೆ ಆಯಿಲ್ ಎಳೆಯಲು ಕಷ್ಟ, ಹೆಚ್ಚಾದರೆ ತಳದ ಆಯಿಲ್ ಸಿಗುವುದೇ ಇಲ್ಲ. ಮಕ್ಕಳು ಆಡುವ ಬಣ್ಣದ ಕ್ಲೇ ಒಂದು ಉಂಡೆ ಮಾಡಿ ತಳದಲ್ಲಿ ಇಡಿ, ಸೀಲೆಂಟ್ ಹಚ್ಚದೆ ಪ್ಯಾನ್ ಕೂರಿಸಿ, ನಾಲ್ಕು ಮೂಲೆಗೆ ನಾಲ್ಕು ಬೋಲ್ಟ್ ಬಿಗಿಮಾಡಿ ಬಿಚ್ಚಿ. ಒತ್ತಿಹೋದ ಕ್ಲೇಯ ದಪ್ಪವೇ ಅಂತರ. ಆಮೇಲೆ ಕ್ಲೇಯ ಚೂರೂ ಉಳಿಯದಂತೆ ಒರೆಸಿ. ಪ್ಯಾನ್ ಮಾಡಿದ ಕಂಪನಿ ಬೇರೆ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಿ.

8. ಹಳೆ ಆಯಿಲ್ ಚೆಲ್ಲುವ ಮೊದಲು ನೋಡಿ

ಬಿಳಿ ಡಬ್ಬಕ್ಕೆ ಇಳಿಸಿ, ಬಿಸಿಲಿಗೆ ಹಿಡಿಯಿರಿ. ಮಿನುಗುವ ಪುಡಿ ಕಂಡರೆ ಬೇರಿಂಗ್ ಸವೆಯುತ್ತಿದೆ. ಹೊಸ ಪ್ಯಾನ್ ಅದಕ್ಕೆ ಮದ್ದಲ್ಲ. 370ಝಡ್‌ನವರು ಇನ್ನೊಂದು ಪರೀಕ್ಷೆ ಮಾಡಲೇಬೇಕು. ಈ ಎಂಜಿನ್ನಿನ ಮುಂಭಾಗದಲ್ಲಿ, ಟೈಮಿಂಗ್ ಕವರ್ ಹಿಂದೆ, ಆಯಿಲ್ ಗ್ಯಾಲರಿಯ ಗ್ಯಾಸ್ಕೆಟ್‌ಗಳಿವೆ. ಹಳೆಯ ಕಾರುಗಳಲ್ಲಿ ಅವು ಕಾಗದದಂಥವು. ಕಿತ್ತುಹೋಗಿ ಆಯಿಲ್ ಪ್ರೆಷರ್ ಬೀಳುವುದು ಈ ಎಂಜಿನ್ನಿನ ಪ್ರಸಿದ್ಧ ಕಾಯಿಲೆ. ಎಂಜಿನ್ ಚೆನ್ನಾಗಿ ಕಾದಿರುವಾಗ ಮೆಕ್ಯಾನಿಕಲ್ ಗೇಜ್ ಹಾಕಿಸಿ ಪ್ರೆಷರ್ ನೋಡಿಸಿ. ಅಲ್ಲಿ ತೊಂದರೆಯಿದ್ದರೆ ಪ್ಯಾನಿನ ದುಡ್ಡು ಮೊದಲು ಅಲ್ಲಿಗೆ ಹೋಗಲಿ.

9. ಸೀಲೆಂಟ್ ಹಚ್ಚುವಾಗ ಆತುರ ಬೇಡ, ಧಾರಾಳವೂ ಬೇಡ

370ಝಡ್‌ನಲ್ಲಿ ಬದಲಿಸುವ ಕೆಳಗಿನ ಪ್ಯಾನ್‌ಗೆ ಗ್ಯಾಸ್ಕೆಟ್ ಇಲ್ಲ, ಸೀಲೆಂಟ್ ಮಾತ್ರ. ಹಳೆ ಪ್ಯಾನ್ ಬಿಡಿಸುವಾಗ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಅದು ಕೂರುವ ಮೇಲಿನ ಭಾಗ ಅಲ್ಯೂಮಿನಿಯಂ. ಒಂದು ಗೀರು ಬಿದ್ದರೆ ಕೊನೆವರೆಗೂ ಅಲ್ಲಿಂದ ಜಿನುಗುತ್ತದೆ. ಸೀಲ್ ಕಟ್ಟರ್ ಬಳಸಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಹಳೆಯ ಅಂಟನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು, ಎರಡೂ ಮೈಗಳನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಆಮೇಲೂ ಮೇಲಿಂದ ಒಂದೊಂದೇ ಹನಿ ಆಯಿಲ್ ಇಳಿಯುತ್ತಿರುತ್ತದೆ. ಅದು ಪೂರ್ತಿ ನಿಲ್ಲುವವರೆಗೆ ಕಾಯಿರಿ, ರಾತ್ರಿಯಿಡೀ ಬಿಟ್ಟರೂ ಸರಿಯೇ.

ಸುಮಾರು 5 ಮಿಲಿಮೀಟರ್ ದಪ್ಪದ ಒಂದೇ ಎಳೆ, ಎಲ್ಲೂ ತುಂಡಾಗದಂತೆ, ಬೋಲ್ಟ್ ತೂತುಗಳ ಒಳಬದಿಯಿಂದ ಹಾಯಬೇಕು. ಹಚ್ಚಿದ ಐದು ನಿಮಿಷದೊಳಗೆ ಕೂರಿಸಿ ಎನ್ನುತ್ತದೆ ನಿಸಾನ್ ಕೈಪಿಡಿ. ಪ್ಯಾನ್ ಭಾರ, ಕೈ ನಡುಗಿ ಅತ್ತಿತ್ತ ಸರಿದರೆ ಎಳೆ ಅಳಿಸಿಹೋಗುತ್ತದೆ. ಎದುರುಬದುರು ಮೂಲೆಗಳಲ್ಲಿ ತಲೆ ಕತ್ತರಿಸಿದ ಎರಡು ಉದ್ದ ಬೋಲ್ಟ್‌ಗಳನ್ನು ಮೊದಲೇ ಸಿಕ್ಕಿಸಿಟ್ಟರೆ ಪ್ಯಾನ್ ಅವುಗಳ ಗುಂಟ ನೇರ ಮೇಲೇರುತ್ತದೆ. ಸೀಲೆಂಟ್ ಹೆಚ್ಚು ಹಚ್ಚಿದರೆ ಸೋರುವುದಿಲ್ಲ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಗಟ್ಟಿಯಾಗಿದೆ. ಒಳಕ್ಕೆ ಉಬ್ಬಿದ್ದು ಒಣಗಿ, ಕಿತ್ತು, ಪಿಕಪ್ ಜಾಲರಿಗೆ ಹೋಗಿ ಅಂಟುತ್ತದೆ. ಬೋಲ್ಟ್‌ಗಳು ಸಣ್ಣವು, ಟಾರ್ಕ್ ರೆಂಚ್ ಇಲ್ಲದೆ ಮುಟ್ಟಬೇಡಿ. ಅರ್ಧ ಗಂಟೆಯ ನಂತರ ಆಯಿಲ್ ತುಂಬಬಹುದು ಎಂದು ಕೈಪಿಡಿ ಹೇಳಿದರೂ ಒಂದು ರಾತ್ರಿ ಒಣಗಲು ಬಿಡಿ ಎಂದೇ ನನ್ನ ಸಲಹೆ.

10. ಲೀಟರ್ ಬದಲಾಗುತ್ತದೆ, ಡಿಪ್‌ಸ್ಟಿಕ್ ಗೆರೆ ಬದಲಾಗುವುದಿಲ್ಲ

ಹೆಚ್ಚುವರಿ ಜಾಗವೆಲ್ಲ ಹಳೆಯ ಆಯಿಲ್ ಮಟ್ಟಕ್ಕಿಂತ ಕೆಳಗಿದ್ದರೆ, ಆಯಿಲ್ ನಿಲ್ಲಬೇಕಾದ ಎತ್ತರ ಮೊದಲಿನದೇ. ಸ್ವಲ್ಪ ಸ್ವಲ್ಪ ಹಾಕಿ, ಎಂಜಿನ್ ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆಯಿರಿ. ಮೇಲಿನ ಗೆರೆ ದಾಟಿಸಬೇಡಿ. ಮಟ್ಟ ತೀರಾ ಏರಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆ ಆಯಿಲ್ ಇನ್ನಷ್ಟು ಕಾಯುತ್ತದೆ.

11. ಟ್ರ್ಯಾಕಿಗೆ ಹೋಗುವವರು ಕೂಲರ್‌ಗೂ ದುಡ್ಡಿಡಿ

ಚಾರ್ಮಾಡಿ ಘಾಟಿಯಲ್ಲಿ ಭಾನುವಾರ ಬೆಳಿಗ್ಗೆ ಹಿತವಾಗಿ ಓಡಿಸಿ ಬರುವವರಿಗೆ ಪ್ಯಾನ್ ಸಾಕು, ಅದೂ ಹೆಚ್ಚೇ. ಅಮೆರಿಕದ ಟ್ರ್ಯಾಕುಗಳಲ್ಲಿ ಇಪ್ಪತ್ತು ನಿಮಿಷದ ಸೆಷನ್ ಓಡಿಸುವ ನಮ್ಮವರಿಗೆ, ಇಲ್ಲಿ ಏಪ್ರಿಲ್ ಬಿಸಿಲಿನಲ್ಲಿ ಟ್ರ್ಯಾಕಿಗೆ ಇಳಿಯುವವರಿಗೆ, ಮುಂದೆ ಗಾಳಿಗೆ ನಿಲ್ಲುವ ಆಯಿಲ್ ಕೂಲರ್ ಒಂದೇ ನಿಜವಾದ ಪರಿಹಾರ. ಥರ್ಮೋಸ್ಟಾಟ್ ಇರುವ ಪ್ಲೇಟ್ ಮೂಲಕವೇ ಜೋಡಿಸಿ. 80 ಡಿಗ್ರಿ ದಾಟುವವರೆಗೆ ಅದು ಹೆಚ್ಚಿನ ಆಯಿಲನ್ನು ಕೂಲರ್ ಕಡೆಗೆ ಬಿಡದೆ ತಡೆದಿಟ್ಟುಕೊಳ್ಳುತ್ತದೆ. ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ಕೂಲರ್ ಕೊಳ್ಳಿ. ಸೆಷನ್ ಮುಗಿದ ಮೇಲೆ ಒಂದು ಸುತ್ತು ನಿಧಾನ ಓಡಿಸಿ ತಣಿಸಿಯೇ ಪಿಟ್‌ಗೆ ಬನ್ನಿ. ಇದಕ್ಕೆ ಕಾಸು ಖರ್ಚಿಲ್ಲ.

12. ಬರೆದು ಅಂಟಿಸಿ

ಹೊಸ ಪ್ಯಾನ್ ಹಾಕಿದ ದಿನಾಂಕ, ಎಷ್ಟು ಲೀಟರ್ ಹಿಡಿಯುತ್ತದೆ, ಯಾವ ಆಯಿಲ್, ಡ್ರೈನ್ ಬೋಲ್ಟ್‌ಗೆ ಎಷ್ಟು ಟಾರ್ಕ್, ಇಷ್ಟನ್ನು ಒಂದು ಸ್ಟಿಕ್ಕರ್ ಮೇಲೆ ಬರೆದು ಬಾನೆಟ್ ಒಳಗೆ ಕಾಣುವಂತೆ ಅಂಟಿಸಿ. ಮುಂದಿನ ಸರ್ವಿಸ್‌ಗೆ ಕಾರು ಬೇರೆ ಗ್ಯಾರೇಜಿಗೆ ಹೋದಾಗ ಅಲ್ಲಿನ ಹುಡುಗ ಪುಸ್ತಕ ನೋಡಿ 4.9 ಲೀಟರ್ ಹಾಕಿ ಬಾನೆಟ್ ಮುಚ್ಚಿದರೆ, ಒಂದೂವರೆ ಲೀಟರ್ ಕಡಿಮೆ ಆಯಿಲ್‌ನಲ್ಲಿ ನಿಮ್ಮ ಕಾರು ಟ್ರ್ಯಾಕಿಗೆ ಇಳಿಯುತ್ತದೆ. ಸರ್ವಿಸ್ ಯಾರೇ ಮಾಡಲಿ, ಕಾರು ಹೊರಗೆ ತೆಗೆಯುವ ಮೊದಲು ಡಿಪ್‌ಸ್ಟಿಕ್ ನೀವೇ ಎಳೆದು ನೋಡಿ.