ಸ್ಕಿಮ್ಮರ್ ನೊರೆ ಕಟ್ಟುತ್ತಿಲ್ಲವೆ?

ಉಪ್ಪುನೀರಿನ ಅಕ್ವೇರಿಯಂ ಹೊಸದಾಗಿ ಇಟ್ಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: “ಪ್ರೋಟೀನ್ ಸ್ಕಿಮ್ಮರ್ ಓಡುತ್ತಲೇ ಇದೆ, ಕಪ್ ಮಾತ್ರ ಖಾಲಿ. ಇನ್ನೂ ದೊಡ್ಡದು ಕೊಳ್ಳಬೇಕಾ?” ಸ್ವಲ್ಪ ತಾಳಿ. ಬಹಳ ಸಲ ಇರುವ ಯಂತ್ರದಿಂದಲೇ ಹೆಚ್ಚು ಕೆಲಸ ತೆಗೆಯಬಹುದು.

ಮೊದಲು ಅದು ಏನು ಮಾಡುತ್ತದೆಂದು ನೋಡೋಣ. ಮೀನಿನ ಕಸ, ಉಳಿದ ತಿನಿಸು, ಹವಳದ ಲೋಳೆ ಇವೆಲ್ಲ ನೀರಿನಲ್ಲಿ ಕರಗುತ್ತವೆ. ಇವುಗಳಲ್ಲಿ ಪ್ರೋಟೀನಿನಂಥ ಅನೇಕ ಅಣುಗಳ ಒಂದು ಭಾಗ ನೀರಿಗೆ ಒಲಿಯುತ್ತದೆ, ಇನ್ನೊಂದು ಭಾಗಕ್ಕೆ ನೀರು ಆಗದು. ಸ್ಕಿಮ್ಮರ್ ನೀರಿಗೆ ಗಾಳಿ ಬೆರೆಸಿ ಸಣ್ಣ ಗುಳ್ಳೆಗಳನ್ನು ಎಬ್ಬಿಸುತ್ತದೆ; ಆಗದ ಭಾಗ ಗಾಳಿಯ ಕಡೆ ತಿರುಗಿ ಗುಳ್ಳೆಯ ಮೈಗೆ ಅಂಟಿಕೊಳ್ಳುತ್ತದೆ. ಗುಳ್ಳೆಗಳು ಮೇಲೇರಿ ನೊರೆಯಾಗುತ್ತವೆ. ಕಪ್ಪಿಗೆ ಏರುವ ಕೊಳವೆಯಾದ ಕತ್ತಿನಲ್ಲಿ ನೀರು ಬಸಿದು ಗಟ್ಟಿಯಾದ ನೊರೆ ಕೊಳೆಯ ಸಮೇತ ಕಪ್ಪಿಗೆ ಉಕ್ಕುತ್ತದೆ. ಒಂದು ಮಿಲಿಮೀಟರಿನ ಗುಳ್ಳೆ ಅರ್ಧ ಮಿಲಿಮೀಟರಿನ ಎಂಟು ಗುಳ್ಳೆಗಳಾಗಿ ಒಡೆದರೆ, ಗಾಳಿ ಅಷ್ಟೇ ಇದ್ದರೂ ಕೊಳೆ ಅಂಟುವ ಜಾಗ ಎರಡು ಪಟ್ಟಾಗುತ್ತದೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಬೇಗ ಕೂಡಿಕೊಳ್ಳುವುದಿಲ್ಲ. ಸಿಹಿನೀರಿನಲ್ಲಿ ಕೂಡಿ ದೊಡ್ಡವಾಗುತ್ತವೆ, ಆದ್ದರಿಂದ ಅಲ್ಲಿ ಈ ಯಂತ್ರ ಹೆಚ್ಚು ಕೆಲಸಕ್ಕೆ ಬರುವುದಿಲ್ಲ.

ಹೀಗಾಗಿ ಮೊದಲ ಅನುಮಾನ ಗಾಳಿಯ ಮೇಲೆ. ಗಾಳಿ ಎಳೆಯುವ ಸಣ್ಣ ಕೊಳವೆಯ ಬಾಯಲ್ಲಿ ಉಪ್ಪು ಹೆಪ್ಪುಗಟ್ಟುತ್ತದೆ. ಹೊರಗಿನಿಂದ ಗೊತ್ತೇ ಆಗುವುದಿಲ್ಲ, ಒಳಗೆ ಗುಳ್ಳೆ ಮಾತ್ರ ದಿನೇ ದಿನೇ ಕಡಿಮೆಯಾಗುತ್ತದೆ. ಪಂಪ್ ಓಡುತ್ತಿರುವಾಗಲೇ ಕೊಳವೆಯ ತುದಿಯನ್ನು ಒಂದು ಲೋಟ ಉಗುರುಬೆಚ್ಚಗಿನ ಶುದ್ಧ ನೀರಿಗೆ ಅದ್ದಿ, ಅದು ಎಳೆದುಕೊಳ್ಳಲಿ. ಉಪ್ಪು ಕರಗುತ್ತದೆ. ಕೆಲವು ತಿಂಗಳಿಗೊಮ್ಮೆ ಪಂಪ್ ಬಿಚ್ಚಿ, ಅದರೊಳಗೆ ತಿರುಗುವ ಇಂಪೆಲ್ಲರನ್ನು ನೀರು ಬೆರೆಸಿದ ವಿನೆಗರಿನಲ್ಲಿ ನೆನೆಸಿ ಸುಣ್ಣದ ಪದರ ತೆಗೆಯಿರಿ.

ಎರಡನೆಯದು ನೀರಿನ ಮಟ್ಟ. ಸಂಪಿನೊಳಗೆ, ಅಂದರೆ ಟ್ಯಾಂಕಿನ ಕೆಳಗಿನ ಉಪತೊಟ್ಟಿಯೊಳಗೆ, ಇಡುವ ಸ್ಕಿಮ್ಮರುಗಳಿಗೆ ಸಾಮಾನ್ಯವಾಗಿ 15–20 ಸೆಂ.ಮೀ. ಆಳ ಬೇಕು, ನಿಮ್ಮದಕ್ಕೆ ಎಷ್ಟೆಂಬುದು ಅದರ ಕೈಪಿಡಿಯಲ್ಲಿರುತ್ತದೆ. ಆವಿಯಾಗಿ ಮಟ್ಟ ಇಳಿದರೆ ನೊರೆಯೂ ಕತ್ತಿನಲ್ಲಿ ಕೆಳಗಿಳಿಯುತ್ತದೆ. ಇಳಿದಷ್ಟು ಸಿಹಿನೀರನ್ನು ತಾನೇ ತುಂಬುವ ಸಾಧನ ಇದ್ದರೆ ಅರ್ಧ ತಲೆನೋವು ಕಳೆಯಿತು. ಕರೆಂಟ್ ಹೋದಾಗ ಟ್ಯಾಂಕಿನ ನೀರು ಸಂಪಿಗೆ ಇಳಿಯುತ್ತದೆ. ಮರಳಿ ಬಂದ ಕೂಡಲೇ, ಮಟ್ಟ ಏರಿರುವ ಕಾರಣ, ಕಪ್ ಉಕ್ಕಿ ಹರಿಯಬಹುದು. ನಮ್ಮ ಊರುಗಳಲ್ಲಿ ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಕತ್ತನ್ನು ವಾರಕ್ಕೆ ಎರಡು ಸಲವಾದರೂ ಒರೆಸಿ. ಒಳಗೋಡೆಯ ಜಿಡ್ಡು ಏರುವ ನೊರೆಯನ್ನು ಒಡೆಯುತ್ತದೆ.

ಇಷ್ಟಾದ ಮೇಲೆ ಮಾತ್ರ ನೊರೆಯ ಎತ್ತರ ಹೊಂದಿಸುವ ವಾಲ್ವ್ ಮುಟ್ಟಿ. ಸ್ವಲ್ಪ ತಿರುಗಿಸಿ, ಒಂದು ದಿನ ಬಿಡಿ. ಹೊಸ ಸ್ಕಿಮ್ಮರ್ ಹದಕ್ಕೆ ಬರಲು ಒಂದೆರಡು ವಾರ ಹಿಡಿಯುವುದುಂಟು. ಎಣ್ಣೆಯಂಶದ ತಿನಿಸು ಹಾಕಿದಾಗ, ಟ್ಯಾಂಕಿಗೆ ಕೈ ಹಾಕಿದಾಗ ನೊರೆ ಕೆಲವು ಗಂಟೆ ಕುಸಿಯುತ್ತದೆ; ತಾನೇ ಸರಿಹೋಗುತ್ತದೆ. ಆ ಹೊತ್ತಿನಲ್ಲಿ ವಾಲ್ವ್ ತಿರುಗಿಸಿದರೆ ರಾತ್ರಿ ಕಪ್ ಉಕ್ಕುವುದು ಖಂಡಿತ. ನನ್ನ ಮಟ್ಟಿಗೆ ಗಟ್ಟಿ ಕಪ್ಪು ರಾಡಿಗಿಂತ ಕಡು ಚಹಾದ ಬಣ್ಣದ ನೀರು ಮೇಲು: ಒಟ್ಟು ಕೊಳೆ ಹೆಚ್ಚು ಹೊರಹೋಗುತ್ತದೆ. ಆದರೆ ಅದರೊಂದಿಗೆ ಉಪ್ಪೂ ಹೋಗುವುದರಿಂದ ಸಾಂದ್ರತೆ 1.025ರ ಆಸುಪಾಸಿನಲ್ಲಿದೆಯೇ ಎಂದು ಅಳೆಯುತ್ತಿರಿ.

ನೀರಿನಲ್ಲಿ ಕರಗಿದ ನೈಟ್ರೇಟನ್ನು ಸ್ಕಿಮ್ಮರ್ ತೆಗೆಯದು. ನೀರು ಬದಲಿಸುವ ಕೆಲಸ ಇದ್ದೇ ಇದೆ. ಮುಚ್ಚಿದ ಏಸಿ ಕೋಣೆಯಲ್ಲಿ ಟ್ಯಾಂಕಿದ್ದು ಪಿಎಚ್ ಕೆಳಗೇ ಉಳಿದಿದ್ದರೆ, ಗಾಳಿಯ ಕೊಳವೆಯನ್ನು ಉದ್ದ ಮಾಡಿ ಕಿಟಕಿಯಾಚೆ ಬಿಡಿ. ಇಂಗಾಲದ ಡೈಆಕ್ಸೈಡ್ ಕಡಿಮೆಯಿರುವ ಹೊರಗಿನ ಗಾಳಿ ಒಳಬಂದರೆ ಪಿಎಚ್ ಏರುವ ಸಾಧ್ಯತೆ ಚೆನ್ನಾಗಿದೆ.